ಹಾಕಿದ ಔಷಧ ತೆಗೆಸಲು ಹುಡುಕಿ ಹೋಗುವ ಶಂಕ್ರಮ್ಮ

ಶಂಕ್ರಮ್ಮ ಸ್ಟೀಲ್ ಲೋಟಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಬೀದಿಯ ಈ ಧರ್ಮಾರ್ಥ ಹಲ್ಲಿನ ಆಸ್ಪತ್ರೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಬಾಯಿ ಮುಕ್ಕಳಿಸಲೆಂದು ಕುರ್ಚಿಯ ಪಕ್ಕ ಇಡುವ ಲೋಟಗಳು ಅವು. ಒಳಗೆ ಬೆರಳು ಹಾಕಿ ತಿರುಗಿಸುತ್ತಾರೆ, ನೀರು ಹಾಯಿಸುತ್ತಾರೆ, ಬೆಳಕಿಗೆ ಹಿಡಿದು ಅಂಚು ನೋಡುತ್ತಾರೆ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕುತ್ತಾರೆ. ಮೊದಲ ಲೋಕಲ್ ಟ್ರೇನು ಬಂದು ನಿಂತಾಗಲೂ ತಲೆ ಎತ್ತುವುದಿಲ್ಲ. ಕೊನೆಯ ಲೋಟ ಇಟ್ಟಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮೊಳೆಯಲ್ಲಿ ತೂಗುತ್ತಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗುತ್ತಾರೆ.

"ನಡಿ ತಂಗಿ. ಇವತ್ತ ಆ ಹುಡುಗಿ ಸಿಗಬೇಕು. ತಡಾ ಮಾಡಿದ್ರ ಅವರವ್ವ ಕೆಲಸಕ್ಕ ಇಳದುಬಿಡ್ತಾಳ."

ಆ ಹುಡುಗಿ ದಾನೇಶ್ವರಿ, ಎಂಟು ವರ್ಷದವಳು. ತಂದೆ ಹುಲಗೇಶ, ತಾಯಿ ಯಂಕಮ್ಮ ಇಬ್ಬರೂ ರಾಯಚೂರು ಕಡೆಯಿಂದ ಬಂದ ಕಟ್ಟಡದ ಕೆಲಸದವರು. ಕೊಂಡಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಆಡುತ್ತ ಬಿದ್ದು ಅವಳು ಮುಂದಿನ ಹಲ್ಲನ್ನು ಅರ್ಧ ಮುರಿದುಕೊಂಡಳು. ಅದು ಹಾಲುಹಲ್ಲಲ್ಲ, ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸದಾಗಿ ಬಂದ, ಜೀವನಪೂರ್ತಿ ಇರಬೇಕಾದ ಹಲ್ಲು. ಮತ್ತೆ ಬರುತ್ತದೆ ಬಿಡು ಎಂದು ಮನೆಯವರು ಸುಮ್ಮನಿದ್ದರು. ಒಳಗಿನ ನರ ಕೊಳೆತು ಒಸಡು ಬಾತಾಗ ಆಸ್ಪತ್ರೆಗೆ ತಂದರು. ಡಾಕ್ಟರು ಹಲ್ಲಿನ ಹಿಂಬದಿಯಿಂದ ತೂತು ಮಾಡಿ, ಒಳಗೆ ಔಷಧ ತುಂಬಿ, ಮೇಲೆ ತಾತ್ಕಾಲಿಕವಾಗಿ ಮುಚ್ಚಿ, ಮೂರು ವಾರ ಬಿಟ್ಟು ಬನ್ನಿ, ಔಷಧ ತೆಗೆಯಬೇಕು ಅಂದರು. ಅವರು ಬರಲಿಲ್ಲ. ಶಂಕ್ರಮ್ಮ ಕೊಂಡಾಪುರದ ಶೆಡ್ಡುಗಳಿಗೆ ಹೋಗಿ ನೋಡಿದರೆ ಅಲ್ಲಿ ಇಟ್ಟಿಗೆಯ ಒಲೆಗಳಷ್ಟೇ ಉಳಿದಿದ್ದವು.

ಶಂಕ್ರಮ್ಮ ಈ ಆಸ್ಪತ್ರೆಯ ಆಯಾ. ಕಸ ಗುಡಿಸುವುದು, ಲೋಟ ತೊಳೆಯುವುದು, ಮಕ್ಕಳು ಕುರ್ಚಿಯಲ್ಲಿ ಒದ್ದಾಡದಂತೆ ಪಾದ ಹಿಡಿದು ಕೂರುವುದು ಅವರಿಗೆ ವಹಿಸಿದ ಕೆಲಸ. ವಹಿಸದೆ ಮಾಡುವ ಕೆಲಸ ಇನ್ನೊಂದಿದೆ. ಹಲ್ಲಿನೊಳಗೆ ಔಷಧ ಹಾಕಿಸಿಕೊಂಡು ಹೋಗಿ ಮರಳಿ ಬಾರದ ಮಕ್ಕಳನ್ನು ಹುಡುಕಿ ತರುವುದು.

ಅವರು ದೇವದುರ್ಗದ ಕಡೆಯವರು. ಸಾಫ್ಟ್‌ವೇರ್ ಕಂಪನಿಗಳ ಕಟ್ಟಡಗಳು ಒಂದರ ಹಿಂದೊಂದು ಏಳತೊಡಗಿದ ವರ್ಷಗಳಲ್ಲಿ ಗಂಡ ಶಾಂತಪ್ಪನ ಜೊತೆ ತೆಲುಗು ಸೀಮೆಯ ಈ ನಗರಕ್ಕೆ ಬಂದು ತಲೆಯ ಮೇಲೆ ಕಾಂಕ್ರೀಟು ಹೊತ್ತರು. ಬೆನ್ನು ಹಿಡಿದುಕೊಂಡ ಮೇಲೆ ಈ ಕೆಲಸಕ್ಕೆ ಸೇರಿದರು. ಶಾಂತಪ್ಪ ಈಗ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್. "ಅವ ಬಂದು ಮಲಗೂ ಹೊತ್ತಿಗೆ ನಾ ಎದ್ದು ಹೊಂಟಿರ್ತೀನಿ. ಅದಕ್ಕ ನಮ್ಮ ಮನ್ಯಾಗ ಜಗಳ ಇಲ್ಲ" ಎಂದು ನಗುತ್ತಾರೆ.

ಹಾಕಿದ ಔಷಧವನ್ನು ತೆಗೆಸಲು ಇಷ್ಟು ಅವಸರ ಯಾಕೆ? ಇದನ್ನು ನನಗೆ ತಿಳಿಸಿ ಹೇಳಿದವರು ಇಲ್ಲಿಯ ಮಕ್ಕಳ ಹಲ್ಲಿನ ಡಾಕ್ಟರು ಶೈಲಾ. ಅವರು ಕಲಬುರಗಿಯವರು.

"ಈ ವಯಸ್ಸಿನಾಗ ಹಲ್ಲಿನ ಬೇರು ಪೂರಾ ಬೆಳದಿರಂಗಿಲ್ಲ. ತುದಿ ತೆರದೇ ಇರ್ತದ. ಅಲ್ಲೇ ಒಂದು ಮೆತ್ತನ ಭಾಗದಾಗ ಬೇರು ಕಟ್ಟೋ ಜೀವಕೋಶ ಇರ್ತಾವ. ನರ ಕೊಳತ್ರೂ ಎಷ್ಟೋ ಸಲ ಅವು ಜೀವ ಹಿಡಕೊಂಡಿರ್ತಾವ. ಆದ್ರ ಕ್ರಿಮಿ ಕೊಲ್ಲಲಿಕ್ಕೆ ನಾವು ಹಾಕೋ ಔಷಧ ಅವನ್ನೂ ಕೊಲ್ಲಬಹುದು."

ಮೂರು ಆಂಟಿಬಯೋಟಿಕ್ ಕಲಸಿದ ಪೇಸ್ಟನ್ನು ಗಟ್ಟಿಯಾಗಿ ತುಂಬಿದರೆ ಆ ಜೀವಕೋಶಗಳು ಉಳಿಯುವುದು ಕಷ್ಟ ಎಂದು ಈಗೀಗ ಪ್ರಯೋಗಾಲಯಗಳಲ್ಲಿ ಕಂಡುಬರುತ್ತಿದೆಯಂತೆ. ಹಾಗಾಗಿ ಇಲ್ಲಿ ಅದನ್ನು ಬಹಳ ತೆಳುವಾಗಿ ಕಲಸುತ್ತಾರೆ. ಸುಣ್ಣದ ಜಾತಿಯ ಇನ್ನೊಂದು ಔಷಧವಿದೆ. ಅದು ಜೀವಕೋಶಗಳಿಗೆ ಅಷ್ಟು ಕೆಡುಕಲ್ಲ, ಆದರೆ ತಿಂಗಳುಗಟ್ಟಲೆ ಒಳಗೇ ಕೂತರೆ ಹಲ್ಲಿನ ಗೋಡೆಯನ್ನು ದುರ್ಬಲ ಮಾಡುತ್ತದೆ. ಯಾವುದನ್ನೇ ಹಾಕಲಿ, ಅದರ ಕೆಲಸ ಮುಗಿದ ಕೂಡಲೇ ತೊಳೆದು ತೆಗೆಯಬೇಕು. ಆಮೇಲೆ ಬೇರಿನ ತುದಿಯನ್ನು ಸೂಜಿಯಿಂದ ಕೆಣಕಿ ಹಲ್ಲಿನೊಳಗೆ ರಕ್ತ ಬರಿಸುತ್ತಾರೆ. ಬೇರು ಕಟ್ಟುವ ಜೀವಕೋಶಗಳು ಆ ರಕ್ತದ ಜೊತೆ ಒಳಗೆ ಬಂದು ನೆಲೆಸಬೇಕು. ಅವು ಬದುಕಿದ್ದರೆ ಮಾತ್ರ.

ಔಷಧ ತೆಗೆಯದೇ ಬಿಟ್ಟರೆ ಏನಾಗುತ್ತದೆಂದು ಶಂಕ್ರಮ್ಮ ನೋಡಿದ್ದಾರೆ. ಅಂಬಣ್ಣ ಎಂಬ ಹುಡುಗ ಸುಣ್ಣದ ಔಷಧವನ್ನು ಹಲ್ಲಿನಲ್ಲಿಟ್ಟುಕೊಂಡೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಪ್ಪ ಅಮ್ಮನ ಜೊತೆ ಊರೂರು ತಿರುಗಿದ. ಒಂದು ದಿನ ಖಡಕ್ ರೊಟ್ಟಿ ಕಡಿಯುವಾಗ ಹಲ್ಲು ಒಸಡಿನ ಮಟ್ಟಕ್ಕೆ ಮುರಿಯಿತು.

"ಆ ತುಂಡು ಅಂಗೈಯಾಗ ಹಿಡಕೊಂಡು ಬಂದ. ದೊಡ್ಡವ್ವ, ಇದನ್ನ ಅಂಟಿಸಿ ಕೊಡು ಅಂದ. ನಾ ಏನು ಅಂಟಸ್ಲಿ? ಅವತ್ತಿನಿಂದ ಸುಮ್ನ ಕೂಡಾಕ ಆಗವಲ್ದು." ಇಲ್ಲಿಯ ತನಕ ಎಷ್ಟು ಮಕ್ಕಳನ್ನು ಕರೆತಂದಿದ್ದೀರಿ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಬಂದವರನ್ನ ಎಣಿಸಿಲ್ಲವ್ವ. ಸಿಗದೇ ಹೋದವರ ಮುಖ ಅಷ್ಟ ನೆನಪದಾವ."

ಕೂಲಿಗೆ ಕರೆಯುವ ಅಡ್ಡಾದ ಪಕ್ಕದ ಚಹಾ ಅಂಗಡಿಯಲ್ಲಿ ಅವರ ವಿಚಾರಣೆ ನಡೆಯುತ್ತದೆ. ಅಂಗಡಿಯವನ ಹತ್ತಿರ ತೆಲುಗು, ಟೆಂಪೊ ಡ್ರೈವರುಗಳ ಹತ್ತಿರ ಹಿಂದಿ, ನಮ್ಮ ಕಡೆಯವರ ಹತ್ತಿರ ಕನ್ನಡ. ಮನೆ ವಿಳಾಸ ಯಾರಿಗೂ ಇಲ್ಲ. ಯಾವ ಮೇಸ್ತ್ರಿಯ ಗ್ಯಾಂಗು ಎಂದು ಗೊತ್ತಿದ್ದರೆ ಸಾಕು. ಹುಲಗೇಶ ಲಿಂಗಣ್ಣ ಮೇಸ್ತ್ರಿಯ ಗ್ಯಾಂಗಿನವನು. ಆ ಗ್ಯಾಂಗು ಪಟಾನ್‌ಚೆರುವಿನಲ್ಲಿ ಒಂದು ಮಾತ್ರೆ ಕಾರ್ಖಾನೆಯ ಗೋಡೌನು ಕಟ್ಟುತ್ತಿದೆ ಎಂದು ನಿನ್ನೆ ಸುದ್ದಿ ಸಿಕ್ಕಿದೆ.

ಪಟಾನ್‌ಚೆರು ಬಸ್ಸಿನಲ್ಲಿ ಕಾರ್ಖಾನೆಯ ಪಾಳಿಗೆ ಹೋಗುವವರೇ ತುಂಬಿದ್ದಾರೆ. ಶಂಕ್ರಮ್ಮ ದಾರಿಯುದ್ದಕ್ಕೂ ನಿಂತೇ ಬರುತ್ತಾರೆ. ಬಸ್ಸಿಳಿದು ಮಣ್ಣುದಾರಿಯಲ್ಲಿ ನಡೆದರೆ ತಗಡಿನ ಶೆಡ್ಡುಗಳ ಸಾಲು. ರೊಟ್ಟಿ ಬಡಿಯುತ್ತಿದ್ದ ಯಂಕಮ್ಮ ಇವರನ್ನು ಕಂಡು ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ.

"ಬಂದ್ಯಾ ಯಕ್ಕ? ಪೊಲೀಸರಿಗಿಂತ ಜಲ್ದಿ ಹುಡುಕ್ತಿ ನೀ."

"ಪೊಲೀಸರು ಚಾ ಕುಡದು ಹೋಗ್ತಾರ. ನಾ ಹುಡುಗಿನ್ನ ಕರಕೊಂಡ ಹೋಗಾಕಿ."

ಹುಲಗೇಶ ಹಲ್ಲುಜ್ಜುತ್ತ ಹೊರಗೆ ಬಂದು, ಬಾಯಿ ಮುಕ್ಕಳಿಸಿ, ಗೌರವದಿಂದಲೇ ಮಾತಾಡುತ್ತಾನೆ. "ನೋವು ಹೋತು, ಬಾವು ಇಳೀತು. ಬರೋಬ್ಬರಿ ಉಣ್ಣಾಕತ್ತಾಳ. ಗುಣಾ ಮಾಡಿದ ಔಷಧ ಯಾಕ ತೆಗೀಬೇಕ್ರಿ ಯಕ್ಕ? ಇರಲಿ ಬಿಡ್ರಿ ಒಳಗ."

ಪ್ರತಿ ಶೆಡ್ಡಿನಲ್ಲೂ ಶಂಕ್ರಮ್ಮ ಕೇಳುವ ಮಾತು ಇದೇ. ಒಂದು ದಿನದ ಕೆಲಸ ಬಿಟ್ಟು, ಸಾಲಿನಲ್ಲಿ ಕಾದು, ಮಗುವನ್ನು ಅಳಿಸಿ ಹಾಕಿಸಿದ ಔಷಧವನ್ನು ತೆಗೆದು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ನೋವು ಹೋಯಿತೆಂದರೆ ಕಾಯಿಲೆಯೂ ಹೋಯಿತು ಎಂದೇ ಎಲ್ಲರೂ ನಂಬುತ್ತಾರೆ. ಅವರ ಬಳಿ ಶಂಕ್ರಮ್ಮ ಜೀವಕೋಶದ ಮಾತೆತ್ತುವುದಿಲ್ಲ.

"ಹುಲಗೇಶ, ನಿಂದು ಸೆಂಟ್ರಿಂಗ್ ಕೆಲಸ ಹೌದಲ್ಲೋ? ಸ್ಲ್ಯಾಬ್ ಹಾಕಿದ ಮ್ಯಾಲ ಕೆಳಗಿನ ಹಲಗಿ ಹಂಗ ಬಿಟ್ಟು ಹೋಗ್ತೀರೇನು?"

"ಎಲ್ಲೀದು ಯಕ್ಕ. ಬಿಚ್ಚಾಕ ಬೇಕು. ಅವೇ ಹಲಗಿ ಮ್ಯಾಲಿನ ಮಾಳಿಗಿಗೆ ಬೇಕಲ್ಲ."

"ಬಿಚ್ಚದಿದ್ರ?"

"ಮ್ಯಾಲಿನ ಕೆಲಸ ನಿಂತು ಹೋಗ್ತೈತಿ."

"ನಿನ್ನ ಮಗಳ ಹಲ್ಲಿನ್ಯಾಗ ಕೆಲಸ ಹಂಗ ನಿಂತೈತಿ. ಬೇರು ಕಟ್ಟೋರು ಕಾಯಾಕತ್ತಾರ. ನೀ ಹಲಗಿ ಬಿಚ್ಚಾಕ ಬಿಡವಲ್ಲಿ."

ಹುಲಗೇಶ ಗೋಡೌನಿನ ಕಡೆ ನೋಡುತ್ತಾನೆ. ಕೊನೆಯ ಸ್ಲ್ಯಾಬಿನ ಹಲಗೆಗಳು ಆಗಲೇ ಕೆಳಗಿಳಿದಿವೆ. "ಇವತ್ತ ಸಂಜಿಗೆ ಗ್ಯಾಂಗ್ ಹೊಂಟೈತ್ರಿ, ಪುಣೆ ಕಡೆ" ಎನ್ನುತ್ತಾನೆ ಮೆಲ್ಲಗೆ.

"ಅಷ್ಟರಾಗ ತಂದು ಬಿಡ್ತೀನಿ. ಯಂಕವ್ವ, ರೊಟ್ಟಿ ಸಾಕು. ಏಳು."

ಇಷ್ಟು ಹೊತ್ತೂ ಅವ್ವನ ಬೆನ್ನ ಹಿಂದಿದ್ದ ದಾನೇಶ್ವರಿ ಈಗ ಬಾಯಿ ಬಿಡುತ್ತಾಳೆ. "ಸೂಜಿ ಚುಚ್ಚತಾರೇನು?"

"ಚುಚ್ಚತಾರ. ಕೆಂಪಿರುವಿ ಕಡದಂಗ ಆಗ್ತೈತಿ. ಇಲ್ಲ ಅಂದ್ರ ನಾ ಸುಳ್ಳಿ ಆಗ್ತೀನಿ."

ಹುಡುಗಿ ಚಪ್ಪಲಿ ಹುಡುಕುತ್ತಾಳೆ.

ಆಸ್ಪತ್ರೆಯಲ್ಲಿ ಶಂಕ್ರಮ್ಮ ಅವಳ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಅಂಗಾಲು ತಿಕ್ಕುತ್ತಿದ್ದಾರೆ. ಡಾಕ್ಟರ್ ಶೈಲಾ ಒಸಡಿಗೆ ಜೋಮು ಹಿಡಿಸುವ ಸೂಜಿ ಚುಚ್ಚಿ, ಹಲ್ಲಿನ ಮುಚ್ಚಳ ಬಿಡಿಸಿ, ಒಳಗಿನ ಔಷಧವನ್ನು ಸಣ್ಣ ಪಿಚಕಾರಿಯಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಹಲ್ಲಿನ ಒಳಗನ್ನು ಒಣಗಿಸಿ ತೆಳ್ಳನೆಯ ಸೂಜಿಯನ್ನು ಬೇರಿನ ತುದಿ ದಾಟಿಸುತ್ತಾರೆ. ಕಾಯುತ್ತಾರೆ. ಏನೂ ಕಾಣುವುದಿಲ್ಲ. ಇನ್ನೊಮ್ಮೆ ಕೆಣಕುತ್ತಾರೆ. ಯಂಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ. ಶಂಕ್ರಮ್ಮನ ಹೆಬ್ಬೆರಳು ನಿಂತಿದೆ.

"ಬಂತು" ಎನ್ನುತ್ತಾರೆ ಶೈಲಾ, ಮುಖಗವಸಿನ ಒಳಗಿಂದ.

ಹೆಬ್ಬೆರಳು ಮತ್ತೆ ಚಲಿಸುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಹಲ್ಲಿನ ಬಾಯಿ ಮುಚ್ಚುತ್ತಾರೆ. ಡಾಕ್ಟರು ತಾಯಿಯನ್ನು ಹತ್ತಿರ ಕರೆದು ಹೇಳುತ್ತಾರೆ. "ರಕ್ತ ಬಂತು ಅಂದ್ರ ಗೆದ್ದಂಗಲ್ಲವಾ. ಜೀವಕೋಶ ಉಳದಾವೋ ಇಲ್ಲೋ ಎಕ್ಸ್‌ರೇದಾಗ ನೋಡಬೇಕು. ಉಳದಿದ್ರ ಬೇರು ಉದ್ದ ಆಗ್ತದ, ಗ್ವಾಡಿ ದಪ್ಪ ಆಗ್ತದ. ಇಲ್ಲಂದ್ರ ಬ್ಯಾರೆ ದಾರಿ ಮಾಡಬೇಕು, ಅದೂ ಹಲ್ಲು ಮುರಿಯೂದ್ರೊಳಗ." ಯಂಕಮ್ಮ ತಲೆಯಾಡಿಸುತ್ತಾಳೆ. ಎಷ್ಟು ಅರ್ಥವಾಯಿತೋ ಮುಖದಲ್ಲಿ ಕಾಣುವುದಿಲ್ಲ.

ಪಟಾನ್‌ಚೆರುವಿಗೆ ಮರಳುವ ಹೊತ್ತಿಗೆ ಟೆಂಪೊಗೆ ತಗಡು, ಹಾಸಿಗೆ, ಕೊಡ ಎಲ್ಲ ಏರಿವೆ. ಲಿಂಗಣ್ಣ ಮೇಸ್ತ್ರಿ ಮುಂದಿನ ಸೀಟಿನಿಂದ ಬೇಗ ಬೇಗ ಎಂದು ಕೂಗುತ್ತಿದ್ದಾನೆ. ಹುಲಗೇಶ ಮಗಳನ್ನು ಎತ್ತಿ ಗಂಟುಗಳ ನಡುವೆ ಕೂರಿಸುತ್ತಾನೆ. ತುಟಿ ಇನ್ನೂ ಜೋಮು ಹಿಡಿದಿರುವ ಹುಡುಗಿ ಹಾಸಿಗೆಯ ಸುರುಳಿಗೆ ಒರಗಿ ಕಣ್ಣು ಮುಚ್ಚುತ್ತಾಳೆ.

ಶಂಕ್ರಮ್ಮ ಟೆಂಪೊದ ಹಿಂದಿನ ಹಲಗೆ ಹಿಡಿದು ನಿಂತಿದ್ದಾರೆ. "ಯಂಕವ್ವ, ಮೂರು ತಿಂಗಳಿಗೆ ಒಮ್ಮೆ ಕರಕೊಂಡು ಬಾ. ಸೂಜಿ ಇಲ್ಲ, ಏನಿಲ್ಲ. ಬರೇ ಫೋಟೋ ತೆಗೀತಾರ." ಯಂಕಮ್ಮ ಕೊಡ ಉರುಳದಂತೆ ಬಟ್ಟೆ ತುರುಕುತ್ತಿದ್ದಾಳೆ. "ಹುಲಗೇಶ, ದೀಪಾವಳಿಗೆ ಊರಿಗೆ ಹೋಗ್ತೀರಲ್ಲ, ಹೋಗೂಮುಂದ ಸುತ್ತಾದ್ರೂ ಇಲ್ಲಿಗೆ ಬಂದು ಹೋಗ್ರಿ." ಹುಲಗೇಶ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಾನೆ. ಟೆಂಪೊ ಶುರುವಾಗುತ್ತದೆ. ಶಂಕ್ರಮ್ಮ ಅದರ ಜೊತೆ ನಾಲ್ಕು ಹೆಜ್ಜೆ ಹಾಕಿ, ಮಲಗಿರುವ ಹುಡುಗಿಯ ಕಡೆ ಬಾಗುತ್ತಾರೆ.

"ದಾನವ್ವಾ, ನೀನರ ನೆನಪು ಮಾಡು ನಿಮ್ಮಪ್ಪಗ. ಒಂದು ಸಲ ಬಂದು ಹಲ್ಲು ತೋರಿಸಿ ಹೋಗ್ರಿ."