ಹಸಿರು ಬಾವುಟದ ಲಾಂಡ್ರಿ

ನನ್ನ ಅತ್ತಿಗೆಗೆ ಊರ ಕೊಳೆಯ ಸುದ್ದಿ ಹೇಳುವುದೆಂದರೆ ಊಟಕ್ಕಿಂತ ರುಚಿ. ಅವರು ನನ್ನ ಗಂಡನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಸರ್ಕಾರಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ವಾರ್ಡುಗಳಿಂದ ಬರುವ ಹಾಸುಬಟ್ಟೆಯ ಗಂಟುಗಳನ್ನು ಬಿಚ್ಚಿ, ಯಂತ್ರಕ್ಕೆ ಹಾಕುವ ಮೊದಲು ವಿಂಗಡಿಸುವವರಲ್ಲಿ ಅವರೇ ಹಿರಿಯರು.

"ಇವತ್ತೇನು ಸಿಕ್ತು ಹೇಳ್ಲಾ?" ಎಂದು ತಟ್ಟೆಯ ಮುಂದೆ ಕೂತ ತಕ್ಷಣ ಶುರು. "ಹಲ್ಲಿನ ಸೆಟ್ಟು. ಪೂರ್ತಿ ಸೆಟ್ಟು ಕಣೇ, ಮೇಲಿಂದೂ ಕೆಳಗಿಂದೂ. ದಿಂಬಿನ ಚೀಲದೊಳಗೆ ನಗ್ತಾ ಕೂತಿತ್ತು."

"ಅತ್ತಿಗೆ, ಊಟ ಮಾಡ್ತಿದ್ದೀವಿ."

"ಅದೂ ಊಟ ಮಾಡೋಕೇ ಇರೋದು ತಾನೆ?"

ನನ್ನ ಗಂಡ ಪಕಪಕ ನಗುತ್ತಾರೆ. ಹುಟ್ಟಿದಾಗಿನಿಂದ ಕೇಳಿ ಅವರಿಗೆ ಅಭ್ಯಾಸ. ನನಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಮಗು ಹುಟ್ಟಿದ ಮೇಲಂತೂ ಆ ಲಾಂಡ್ರಿ ನಮ್ಮ ಮನೆಯ ಹೊಸ್ತಿಲಲ್ಲೇ ಇದೆಯೇನೋ ಅನ್ನಿಸುತ್ತಿತ್ತು. ಆದರೆ ಅತ್ತಿಗೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಸಂಜೆ ಬಂದವರು ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ, ತಲೆಯಿಂದ ಕಾಲಿನವರೆಗೆ ತಿಕ್ಕಿಕೊಂಡು, ಬೇರೆ ಸೀರೆ ಉಟ್ಟು ಬಂದ ಮೇಲೆಯೇ "ಎಲ್ಲಿ ನನ್ನ ಕಳ್ಳಿ?" ಎಂದು ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಅದೂ ಅವರಾಗಿಯೇ ಮಾಡಿಕೊಂಡ ನಿಯಮ.

ಒಂದು ಸಲ ಅವರು ಮರೆತುಹೋದ ಕನ್ನಡಕ ಕೊಡಲು ನಾನು ಲಾಂಡ್ರಿಗೆ ಹೋಗಿದ್ದೆ. ಬಾಗಿಲಲ್ಲೇ ಮೂಗಿಗೆ ಹೊಡೆದದ್ದು ಬ್ಲೀಚಿಂಗ್ ಪುಡಿ, ಹಳೆಯ ರಕ್ತ, ಮೂತ್ರ, ಬಿಸಿ ಆವಿ ಎಲ್ಲ ಕಲೆತು ಕೊಳೆತ ಒಂದು ವಾಸನೆ. ಗಂಟುಗಳ ಗುಡ್ಡೆ. ಅತ್ತಿಗೆ ಮತ್ತು ಇನ್ನೊಬ್ಬಾಕೆ ಒಂದು ಹಾಸುಬಟ್ಟೆಯ ತುದಿಗಳನ್ನು ಹಿಡಿದು ಒಮ್ಮೆ ಜೋರಾಗಿ ಕೊಡವಿದರು. ಹತ್ತಿ, ಬ್ಯಾಂಡೇಜು, ಅರ್ಧ ತಿಂದ ಬ್ರೆಡ್ಡು ನೆಲಕ್ಕೆ ಉದುರಿದವು. ಜೊತೆಗೆ ಸಿಮೆಂಟಿನ ಮೇಲೆ "ಟಿಣ್" ಎಂದಿತು. ಇಬ್ಬರೂ ಕಲ್ಲಾಗಿ ನಿಂತರು. ಅತ್ತಿಗೆ ಬಗ್ಗಿ, ಇಕ್ಕುಳದಲ್ಲಿ ಒಂದು ಸೂಜಿಯನ್ನು ಎತ್ತಿ ಡಬ್ಬಕ್ಕೆ ಹಾಕಿ, "ಮೂರನೇ ವಾರ್ಡಿನ ಮಹಾರಾಣಿಯರು!" ಎಂದು ನರ್ಸುಗಳಿಗೆ ಮಂಗಳಾರತಿ ಮಾಡಿದರು. ಅಲ್ಲಿ ಕೊಡವುವಾಗ ಯಾರೂ ಮಾತಾಡುವಂತಿಲ್ಲ. ಕಿವಿಯೇ ಅವರ ಕೈಗವಸು. ನಿಜವಾದ ಕೈಗವಸುಗಳು ಗಾಜಿನ ಬೀರುವಿನಲ್ಲಿದ್ದವು. ಒಂದೊಂದೂ ಪೈಲ್ವಾನರ ಅಳತೆಯವು, ನೋಡಲು ಬರುವ ಅಧಿಕಾರಿಗಳಿಗಾಗಿ ಜೋಡಿಸಿಟ್ಟವು.

ಆಮೇಲೆ ಒಬ್ಬಾಕೆ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅತ್ತಿಗೆ ಸುಮ್ಮನಿರುವ ಜಾತಿಯಲ್ಲ. ನೆಲಕ್ಕೆ ರಬ್ಬರ್ ಹಾಸು ಬೇಕೆಂದು ಈ ಕಚೇರಿಯಿಂದ ಆ ಕಚೇರಿಗೆ ಅಲೆದು, ಮೇಲ್ವಿಚಾರಕರ ತಲೆ ತಿಂದು, ಕೊನೆಗೂ ತರಿಸಿದರು. ಈ ಮೇಲ್ವಿಚಾರಕರಿಗೆ ಭಾಷಣದ ಹುಚ್ಚು. ಲಾಂಡ್ರಿಯಲ್ಲಿ ಅವರಿಗೆ ಮೈಕ್ ಸಾರ್ ಎಂದೇ ಹೆಸರು. ಹಾಸಿನ ಹಿಂದೆಯೇ ನೌಕರರ ಸುರಕ್ಷತೆ ಮತ್ತು ಆರೋಗ್ಯದ ಹೊಸ ಕಾರ್ಯಕ್ರಮವೊಂದೂ ಬಂತು. ಪ್ರತಿ ವಿಭಾಗದ ಬಾಗಿಲಿಗೂ ಒಂದು ಬಾವುಟ. ಯಾರಿಗೂ ಏಟಾಗದಿದ್ದರೆ ಹಸಿರು, ಏಟಾಯಿತೆಂದು ವರದಿಯಾದರೆ ಕೆಂಪು. ವರ್ಷವಿಡೀ ಹಸಿರು ಇಟ್ಟುಕೊಂಡ ವಿಭಾಗಕ್ಕೆ ಫಲಕ, ನಿರ್ದೇಶಕರ ಜೊತೆ ಫೋಟೋ ಮತ್ತು ಒಂದು ದೊಡ್ಡ ಏರ್ ಕೂಲರ್. ಆ ಆವಿಯಲ್ಲಿ ಬೇಯುವವರಿಗೆ ಕೂಲರ್ ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಅಂದಿನಿಂದ ಅತ್ತಿಗೆಯ ಊಟದ ಸುದ್ದಿಯೆಲ್ಲ ಬಾವುಟದ್ದೇ. ವೇದಿಕೆಯಲ್ಲಿ ಅವರಿಗೇ "ಸುರಕ್ಷತಾ ಮಿತ್ರ" ಎಂಬ ಶಾಲು ಹೊದಿಸುವುದೆಂದೂ ಗೊತ್ತಾಗಿತ್ತು.

ಫಲಕ ಕೊಡುವ ಸಮಾರಂಭಕ್ಕೆ ಇನ್ನು ಕೆಲವೇ ದಿನ ಇದ್ದಾಗ ಒಂದು ಸಂಜೆ ಅತ್ತಿಗೆ ಸ್ನಾನ ಮಾಡಿ ಬಂದು ಮಗುವನ್ನು ಎತ್ತಿಕೊಳ್ಳಲಿಲ್ಲ. "ಕೈ ತಣ್ಣಗಿದೆ" ಎಂದರು. ಊಟದ ಹೊತ್ತಿಗೆ ಒಂದು ಕಥೆಯೂ ಇಲ್ಲ. ಮರುದಿನ ಅವರಿಗೆ ವಾರದ ರಜೆ. ಬೆಳಿಗ್ಗೆ ಅವರು ತಮ್ಮ ತಟ್ಟೆ ಲೋಟಗಳನ್ನು ಬೇರೆಯಾಗಿ ತೊಳೆದು ಕಿಟಕಿಯ ಮೇಲಿಟ್ಟರು, ಟವೆಲನ್ನು ದೂರದ ತಂತಿಗೆ ಹಾಕಿದರು. ಎಡಗೈ ಬೆರಳಿಗೆ ಪ್ಲಾಸ್ಟರು.

"ಬೆರಳಿಗೆ ಏನಾಯ್ತು?"

"ಏನಿಲ್ಲ. ಈರುಳ್ಳಿ ಹೆಚ್ಚುವಾಗ."

"ಈ ಮನೇಲಿ ನೀವು ಈರುಳ್ಳಿ ಹೆಚ್ಚಿದ್ದು ಯಾವ ಕಾಲದಲ್ಲಿ ಅತ್ತಿಗೆ?"

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಕೇಳಿಸ್ಲಿಲ್ಲ ಕಣೇ" ಎಂದರು.

ರಬ್ಬರ್ ಹಾಸಿನ ಮೇಲೆ ಸೂಜಿ ಬಿದ್ದರೆ ಸದ್ದೇ ಬರುವುದಿಲ್ಲ. ಹಾಸು ಬೇಡಿದವರಿಗೂ ತಂದವರಿಗೂ ಮೊದಲು ಇದು ಹೊಳೆದಿರಲಿಲ್ಲ; ವರ್ಷವಿಡೀ ಕಣ್ಣಿಟ್ಟು ನೋಡಿಯೇ ಹೇಗೋ ಬಚಾವಾಗಿದ್ದರು. ಹಿಂದಿನ ದಿನ ಕೊಡವಿದಾಗ ಏನೂ ಕೇಳಿಸದೆ, ಉದುರಿದ್ದನ್ನು ಬಾಚಲು ಬರಿಗೈ ಹಾಕಿದ್ದಾರೆ. ಸೂಜಿ ಬೆರಳಿನ ತುದಿಯಲ್ಲಿ ಆಳವಾಗಿ ಇಳಿದಿತ್ತು. ಅದಕ್ಕೆ ಸಿಕ್ಕಿದ್ದ ಸಣ್ಣ ಕೊಳವೆಯಲ್ಲಿ ಯಾರದೋ ರಕ್ತ ಇನ್ನೂ ಕೆಂಪಗಿತ್ತಂತೆ. ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಪ್ಲಾಸ್ಟರು ಸುತ್ತಿ, ಉಳಿದ ಗಂಟುಗಳನ್ನು ಮುಗಿಸಿ ಮನೆಗೆ ಬಂದಿದ್ದರು.

ನನಗೆ ನೆನಪಾದದ್ದು ರೋಗಗಳ ಹೆಸರುಗಳೇ: ಎಚ್‌ಐವಿ, ಕಾಮಾಲೆ, ಇನ್ನೂ ಏನೇನೋ. ಅಂಥ ಸೂಜಿ ಚುಚ್ಚಿದರೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಮಾತ್ರೆ ಶುರುಮಾಡಬೇಕು, ಮೂರು ದಿನ ದಾಟಿದರೆ ಪ್ರಯೋಜನವಿಲ್ಲ ಎಂದು ಎಲ್ಲೋ ಓದಿದ್ದೆ. ಅತ್ತಿಗೆಗೂ ಗೊತ್ತಿತ್ತು. ಲಾಂಡ್ರಿಯ ಗೋಡೆಯ ಮೇಲೆಯೇ ಅದರ ಬಣ್ಣದ ಚಿತ್ರ ಅಂಟಿಸಿದ್ದಾರೆ.

"ಸಮಾರಂಭ ಮುಗೀಲಿ, ತೋರಿಸ್ತೀನಿ."

"ಅಷ್ಟರಲ್ಲಿ ಮೂರು ದಿನ ಆಗಿಹೋಗತ್ತೆ!"

"ಕೂಗಬೇಡ್ವೇ, ಮಗು ಎದ್ದುಬಿಡತ್ತೆ. ಇಡೀ ವರ್ಷ ಕಾಯ್ದಿದ್ದೀವಿ. ಈಗ ನಾನು ಬಾಯಿ ಬಿಟ್ರೆ ಬಾವುಟ ಕೆಂಪಾಗತ್ತೆ. ಅಷ್ಟೂ ಜನ ನನ್ನ ಮುಖಕ್ಕೆ ಉಗೀತಾರೆ."

ಹಲ್ಲುಜ್ಜುತ್ತಿದ್ದ ನನ್ನ ಗಂಡ ತಲೆ ಹಾಕಿ, "ಅಕ್ಕಂಗೆ ಗೊತ್ತಿಲ್ವಾ? ಹೋಗ್ಲಿ ಬಿಡು, ಗಾಬರಿ ಬೀಳ್ಬೇಡ" ಎಂದರು. ಗಾಬರಿ ಬೀಳುವುದು ನನ್ನ ಕೆಲಸವೆಂದು ಈ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಾಗಿದೆ. ನಾನು ಮಗುವನ್ನು ಸೊಂಟಕ್ಕೇರಿಸಿ, ಅತ್ತಿಗೆಯ ಚಪ್ಪಲಿಯನ್ನು ಅವರ ಕಾಲ ಮುಂದೆ ಇಟ್ಟೆ. "ನೀವು ಬರದಿದ್ರೆ ನಾನೇ ಹೋಗಿ ಮೈಕಲ್ಲಿ ಹೇಳ್ತೀನಿ" ಎಂದೆ. ದಾರಿಯುದ್ದಕ್ಕೂ ಅವರು ನನ್ನನ್ನು ಬೈದರು. ಬೈಯುತ್ತಲೇ ಬಂದರು.

ಆಸ್ಪತ್ರೆಯಲ್ಲಿ ನೌಕರರಿಗೆಂದೇ ಒಂದು ಆರೋಗ್ಯ ಕೊಠಡಿ ಇದೆ. ಅದಕ್ಕೆ ಬೀಗ. ಅಲ್ಲಿನ ನರ್ಸು ಸಭಾಂಗಣದಲ್ಲಿ ಸುರಕ್ಷತಾ ಸಮಾರಂಭದ ಸ್ವಾಗತಗೀತೆ ಅಭ್ಯಾಸ ಮಾಡುತ್ತಿದ್ದಳಂತೆ. ತುರ್ತು ವಿಭಾಗಕ್ಕೆ ಹೋದೆವು. ನಿದ್ದೆಗೆಟ್ಟ ಕಣ್ಣಿನ ಎಳೆ ವಯಸ್ಸಿನ ಡಾಕ್ಟರಮ್ಮ ಪ್ಲಾಸ್ಟರು ಬಿಚ್ಚಿ ನೋಡುತ್ತಿರುವಾಗಲೇ ಮೈಕ್ ಸಾರ್ ಪ್ರತ್ಯಕ್ಷರಾದರು. ಯಾರು ಸುದ್ದಿ ಮುಟ್ಟಿಸಿದರೋ ಕಾಣೆ. ಅಂಗಿಯ ಮೇಲೆ ಆಗಲೇ ಹಸಿರು ರಿಬ್ಬನ್ನಿನ ಬಿಲ್ಲೆ.

"ಏನಮ್ಮಾ ಇದು, ಸಮಾರಂಭ ಹತ್ತಿರ ಬಂದಾಗಲೇ?" ಎಂದು ಅತ್ತಿಗೆಯ ಪಕ್ಕಕ್ಕೆ ಬಂದು ದನಿ ಇಳಿಸಿದರು. ಇಳಿಸಿದರೂ ಅವರ ದನಿ ಮೂರು ಮಂಚದ ಆಚೆಗೆ ಕೇಳುತ್ತದೆ. "ಮನೇಲಿ ಬಟ್ಟೆ ಹೊಲಿಯೋವಾಗ ಚುಚ್ಚಿತು ಅಂದುಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ. ನಿಮ್ಮ ಲಾಂಡ್ರಿ ಹುಡುಗೀರ ಮುಖ ನೋಡಿ ಸ್ವಲ್ಪ." ಆಮೇಲೆ ನನ್ನ ಕಡೆ ತಿರುಗಿ, "ಓಹೋ, ಪಾಪು ಎಷ್ಟು ಮುದ್ದಾಗಿದೆ!" ಎಂದು ಮಗುವಿನ ಕೆನ್ನೆ ಹಿಂಡಿದರು. ಆ ಬೆರಳುಗಳನ್ನು ಕಂಡು ನನಗೆ ಬಂದ ಅಸಹ್ಯ ಲಾಂಡ್ರಿಯ ಬಾಗಿಲಲ್ಲೂ ಬಂದಿರಲಿಲ್ಲ.

"ಎಲ್ಲಿ ಚುಚ್ಚಿದ್ದು?" ಡಾಕ್ಟರಮ್ಮ ಕೇಳಿದರು.

ಅತ್ತಿಗೆ ಮೈಕ್ ಸಾರ್ ಮುಖ ನೋಡಿದರು. "ಮನೇಲಿ. ಹೊಲಿಗೆ ಸೂಜಿ."

"ಹೊಲಿಗೆ ಸೂಜಿಗೆ ಒಂದು ಟಿಟಿ ಇಂಜೆಕ್ಷನ್ ಸಾಕು. ಹಾಕಿಸ್ಕೊಂಡು ಹೋಗಿ."

ಅತ್ತಿಗೆ ತಲೆಯಾಡಿಸಿ ಎದ್ದೇಬಿಟ್ಟರು. ಮೂರನೇ ವಾರ್ಡಿನವರನ್ನು ಒಂದು ಸೂಜಿಗಾಗಿ ಹರಾಜು ಹಾಕುವ ನಮ್ಮ ಅತ್ತಿಗೆ, ಮೇಷ್ಟ್ರ ಮುಂದಿನ ಶಾಲೆಯ ಹುಡುಗಿಯ ಹಾಗೆ ಸೆರಗು ಸರಿಮಾಡಿಕೊಂಡು ಹೊರಟಿದ್ದರು.

"ಸುಳ್ಳು!" ಎಂದೆ. ನನ್ನ ದನಿಗೆ ಮಗು ಬೆಚ್ಚಿ ಅಳತೊಡಗಿತು. "ಲಾಂಡ್ರೀಲಿ ಚುಚ್ಚಿದ್ದು ಡಾಕ್ಟ್ರೇ. ವಾರ್ಡಿನ ಸೂಜಿ. ಒಳಗೆ ರಕ್ತ ಇತ್ತು. ನಮ್ಮ ಮನೇಲಿ ಇವರು ಒಂದು ಗುಂಡಿ ಕೂಡ ಹೊಲಿಯಲ್ಲ."

ಡಾಕ್ಟರಮ್ಮ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಕೊನೆಗೆ ಆ ಹಸಿರು ಬಿಲ್ಲೆಯನ್ನು ನೋಡಿ, "ಸಾರ್, ನೀವು ಆಚೆ ಇರಿ" ಎಂದರು. ಅತ್ತಿಗೆಯ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮೊದಲ ಮಾತ್ರೆಯನ್ನು ಅಲ್ಲೇ, ತಮ್ಮ ಕಣ್ಣೆದುರೇ ನುಂಗಿಸಿದರು. ಮಗುವನ್ನು ಎತ್ತಿಕೊಳ್ಳುವುದರಿಂದ ಏನೂ ಆಗುವುದಿಲ್ಲ ಎಂದೂ ಹೇಳಿದರು. ನಾನು ಕೇಳಿದ ಮೇಲೆ ಇನ್ನೊಮ್ಮೆ ಹೇಳಿದರು.

ಬಾವುಟ ಕೆಂಪಾಯಿತು. ಕೂಲರ್ ಅಡುಗೆ ವಿಭಾಗಕ್ಕೆ ಹೋಯಿತು. ಅಲ್ಲಿನ ಅಡುಗೆಯವರೊಬ್ಬರು ಕಾಲ ಮೇಲೆ ಕುದಿಯುವ ಸಾರು ಚೆಲ್ಲಿಕೊಂಡು, "ಮನೇಲಿ ಸ್ನಾನದ ನೀರು" ಎಂದು ಹೇಳಿ ಹಸಿರು ಉಳಿಸಿಕೊಟ್ಟದ್ದು ಇಡೀ ಆಸ್ಪತ್ರೆಗೇ ಗೊತ್ತಿತ್ತು. ಅವರಿಗೆ ಶಾಲನ್ನೂ ಹೊದಿಸಿದರು. ಕುಂಟುತ್ತಾ ವೇದಿಕೆ ಹತ್ತಿದರಂತೆ, ಚಪ್ಪಾಳೆಯೋ ಚಪ್ಪಾಳೆ.

ಅತ್ತಿಗೆ ಒಂದು ತಿಂಗಳು ಮಾತ್ರೆ ನುಂಗಿದರು. ಬೆಳಿಗ್ಗೆ ಎದ್ದರೆ ವಾಂತಿ. ಬಚ್ಚಲ ಬಾಗಿಲಲ್ಲಿ ನಾನು ನೀರಿನ ಚೊಂಬು ಹಿಡಿದು ನಿಂತಿದ್ದರೆ, ಬಾಯಿ ಒರೆಸಿಕೊಂಡು ಹೇಳುತ್ತಿದ್ದದ್ದು ಒಂದೇ: "ಅಲ್ಲಿ ನನ್ನ ಜೊತೆ ಯಾರೂ ಡಬ್ಬಿ ಬಿಚ್ಚಲ್ಲ, ಗೊತ್ತಾ? ನಿನ್ನ ಬಾಯಿಂದ ಅಷ್ಟೂ ಜನ ಬೇಯ್ತಿದ್ದಾರೆ." ಕೊಳವೆಯಲ್ಲಿ ರಕ್ತವಿದ್ದ ಸೂಜಿಯನ್ನು ಹಾಸುಬಟ್ಟೆಯಲ್ಲಿ ಸುತ್ತಿ ಕಳಿಸಿದವರ ಮೇಲೆ ಅವರಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ಕಾಣಲಿಲ್ಲ. ಪರೀಕ್ಷೆಗಳು ಮುಗಿಯುವವರೆಗೆ ನನಗೆ ಬೇರೆ ಯಾವ ಮಾತೂ ತಲೆಗೆ ಹೋಗುತ್ತಿರಲಿಲ್ಲ.

ಕೊನೆಯ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಗೊತ್ತಾದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟೆ. ಅತ್ತಿಗೆ ಅಳಲಿಲ್ಲ, ಫೋನು ತೆಗೆದರು. ತಮ್ಮನಿಗಿರಬಹುದು ಎಂದುಕೊಂಡೆ. "ಸಾರ್, ಏನೂ ಇಲ್ವಂತೆ ಸಾರ್!" ಎಂದರು.

ಅಲ್ಲಿಂದಲೇ ಲಾಂಡ್ರಿಗೆ ಹೋದವರು ಸಂಜೆ ಮನೆಗೆ ಬಂದಾಗ ಮುಖ ಬೆಳಗುತ್ತಿತ್ತು. ಮೈಕ್ ಸಾರ್ ಮೇಲಧಿಕಾರಿಗಳ ಬಳಿ ಮಾತಾಡಿದ್ದಾರಂತೆ. ಕಾಯಿಲೆಯೇ ಬರಲಿಲ್ಲ ಎಂದ ಮೇಲೆ ಅಪಘಾತವೇ ಆಗಿಲ್ಲವೆಂದು ಅರ್ಥವಂತೆ. ವರದಿಯನ್ನು ತೆಗೆಸಿ ಬಾವುಟ ಮತ್ತೆ ಹಸಿರು ಮಾಡಿದ್ದಾರೆ. ಎಲ್ಲರೂ ಮೊದಲಿನ ಹಾಗೆ ಜೊತೆಗೆ ಕೂತು ಊಟ ಮಾಡಿದ್ದಾರೆ. ಮುಂದಿನ ವರ್ಷ ಕೂಲರ್ ಖಂಡಿತ ಅಂತೆ.

"ಹಾಗಾದ್ರೆ ಆ ಸೂಜಿ?" ಎಂದೆ.

"ಯಾವ ಸೂಜಿ?"

ತಮಾಷೆಗೆ ಅಂದರೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ಅತ್ತಿಗೆ ನೆಮ್ಮದಿಯಾಗಿ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ ಕೂತಿದ್ದರು.