ಕೂಡಿದರೆ ಸೊನ್ನೆ

ಟೀಚರ್ ಅವರ ಎಡಗಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ತೆಂಗಿನ ಗರಿಯ ಕಡ್ಡಿ ತಾಗಿ ಹಾಗಾದದ್ದಂತೆ. ಅಂದಿನಿಂದ ಅದು ದೊಡ್ಡದಾಗಿ, ಕಪ್ಪಗೆ, ತೆರೆದೇ ಉಳಿದಿತ್ತು. ಉರಿಬಿಸಿಲಿನಲ್ಲಿ ಬಲಗಣ್ಣು ಕಿರಿದಾಗಿ ನಮ್ಮನ್ನು ನೋಡುತ್ತಿದ್ದರೆ, ಎಡಗಣ್ಣು ಕತ್ತಲೆಯ ಕೋಣೆಯಲ್ಲಿರುವಂತೆ ಅರಳಿಕೊಂಡು ನಮ್ಮ ಹಿಂದೆ ನಿಂತ ಯಾರನ್ನೋ ನೋಡುತ್ತಿದೆ ಅನಿಸುತ್ತಿತ್ತು. ಎಂ.ಎಸ್ಸಿ. ಸೇರಿದ ಹೊಸದರಲ್ಲಿ ನಾವು ಕೆಲವರು ಹಿಂದೆ ತಿರುಗಿ ನೋಡಿದ್ದೂ ಉಂಟು.

ಅವರು ನಮಗೆ ಕಣಭೌತಶಾಸ್ತ್ರ ಕಲಿಸುತ್ತಿದ್ದರು. ತರಗತಿ ಇಂಗ್ಲಿಷಿನಲ್ಲಿ. ನಾನು ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಬಂದವಳಾದ್ದರಿಂದ ಸಂಜೆ ನನ್ನನ್ನು ನಿಲ್ಲಿಸಿಕೊಂಡು ಅದೇ ಪಾಠವನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಆಮೇಲೆ ವಿದ್ಯಾನಗರದ ಬಸ್‌ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುತ್ತಿದ್ದೆವು. ಕಚೇರಿ ಬಿಟ್ಟು ಬರುವ ಗುಮಾಸ್ತರ ಗುಂಪಿನ ನಡುವೆ ನಿಂತು ಅವರು ನ್ಯೂಟ್ರಾನಿನ ಒಳಗಿನ ಸಂಗತಿಯನ್ನು, ಪಕ್ಕದ ಮನೆಯವರ ವಿಷಯ ಹೇಳಿದಷ್ಟೇ ಸಲೀಸಾಗಿ, ದನಿ ತಗ್ಗಿಸಿ ಹೇಳುತ್ತಿದ್ದರು.

"ಪ್ರೋಟಾನಿನ ಒಳಗೆ ಕ್ವಾರ್ಕ್ ಅಂತ ಮೂರು ಕಣ: ಎರಡು ಅಪ್, ಒಂದು ಡೌನ್. ನ್ಯೂಟ್ರಾನಿನಲ್ಲಿ ಎರಡು ಡೌನ್, ಒಂದು ಅಪ್. ಪುಸ್ತಕದಲ್ಲಿ ಇಷ್ಟೇ ಉಂಟು. ಇದು ಹಾಜರಿ ಕರೆದರೆ ಓಗೊಡುವವರ ಲೆಕ್ಕ ಮಾತ್ರ, ಗೊತ್ತುಂಟಾ? ಈ ಮೂರರ ತೂಕ ಕೂಡಿಸಿ ನೋಡು. ಪ್ರೋಟಾನಿನ ತೂಕದ ಹತ್ತಿರಕ್ಕೂ ಬರುವುದಿಲ್ಲ."

ಉಳಿದದ್ದು ಆ ಕ್ವಾರ್ಕುಗಳ ಓಟದಿಂದ, ಅವನ್ನು ಹಿಡಿದಿಟ್ಟ ಬಲದ ಶಕ್ತಿಯಿಂದ ಬರುತ್ತದೆ. ಆ ಶಕ್ತಿಯೊಳಗಿಂದಲೇ ಗಳಿಗೆಗಳಿಗೆಗೂ ಹೊಸ ಜೋಡಿಗಳು ಮೂಡಿ ಅಳಿಯುತ್ತಿರುತ್ತವೆ. ಅವುಗಳಲ್ಲಿ ಒಂದು ಜಾತಿ ಸ್ಟ್ರೇಂಜ್ ಕ್ವಾರ್ಕು, ಅದರ ಜೊತೆಗೆ ಅದರದೇ ವಿರುದ್ಧ ಕಣ. ಅಪ್, ಡೌನ್‌ಗಳಿಗಿಂತ ಭಾರದ್ದು. ಸಾಮಾನ್ಯ ವಸ್ತುವಿನ ಲೆಕ್ಕದಲ್ಲಿ ಎಲ್ಲಿಯೂ ಹೆಸರಿಲ್ಲದ್ದು. ಒಂದು ಪ್ಲಸ್, ಒಂದು ಮೈನಸ್, ಕೂಡಿದರೆ ಸೊನ್ನೆ. ಟೀಚರ್ ಆ ಮಾತನ್ನು ಅಲ್ಲಿಗೇ ಬಿಡುತ್ತಿರಲಿಲ್ಲ.

"ಕೂಡಿದರೆ ಸೊನ್ನೆ ಅಂದರೆ ಎಂತದೂ ಇಲ್ಲ ಅಂತ ಅಲ್ಲ ಮಾರಾಯ್ತಿ. ಎರಡೂ ಒಂದೇ ಕಡೆ ಇರಬೇಕು ಅಂತ ಇಲ್ಲವಲ್ಲ. ಒಂದು ನಡುವಿನಲ್ಲಿ, ಒಂದು ಅಂಚಿನಲ್ಲಿ ಸುಳಿದರೆ ಪ್ರೋಟಾನಿನ ಕಾಂತಗುಣದಲ್ಲಿ, ವಿದ್ಯುದಂಶ ಹರಡಿದ ರೀತಿಯಲ್ಲಿ ಅದರ ಕುರುಹು ಉಳೀತದೆ. ಬಂದು ಹೋದವರ ಕುರುಹು."

ಆ ಕುರುಹನ್ನು ಹುಡುಕಲೆಂದೇ ಅವರು ಹರೆಯದಲ್ಲಿ ಪರದೇಶದ ಒಂದು ಪ್ರಯೋಗಾಲಯದಲ್ಲಿ ದುಡಿದಿದ್ದರು. ಇಲೆಕ್ಟ್ರಾನುಗಳನ್ನು ಒಂದು ಬಗೆಯಲ್ಲಿ ತಿರುಗಿಸಿ ಹೈಡ್ರೋಜನ್ ಮೇಲೆ ಬಿಡುವುದು. ಆಮೇಲೆ ಅದರ ಕನ್ನಡಿಬಿಂಬದ ಹಾಗೆ ಉಲ್ಟಾ ತಿರುಗಿಸಿ ಬಿಡುವುದು. ಕನ್ನಡಿಯ ಆಚೆ, ಈಚೆ ಎರಡೂ ಒಂದೇ ಎಂದು ವಿದ್ಯುತ್ತಿನ ಬಲ ತಿಳಿಯುತ್ತದೆ. ದುರ್ಬಲ ಬಲವೆಂದು ಕರೆಯುವ ಇನ್ನೊಂದಕ್ಕೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಚದುರಿದ ಇಲೆಕ್ಟ್ರಾನುಗಳ ಎಣಿಕೆಯಲ್ಲಿ ಕಾಣುವ ಆ ಅತಿಸಣ್ಣ ವ್ಯತ್ಯಾಸದಿಂದ ಸ್ಟ್ರೇಂಜ್ ಕ್ವಾರ್ಕಿನ ಪಾಲನ್ನು ಬೇರ್ಪಡಿಸಬೇಕು. ವರ್ಷಗಟ್ಟಲೆ ಅಳೆದ ಮೇಲೆ ಸಿಕ್ಕಿದ ಉತ್ತರ: ಇದ್ದರೂ ತೀರಾ ಸಣ್ಣದು, ಇಲ್ಲವೆನ್ನಲು ಧೈರ್ಯ ಸಾಲದು. "ನನ್ನ ಪ್ರಾಯವೆಲ್ಲ ಒಂದು ಸೊನ್ನೆಯ ಸುತ್ತ ಬೇಲಿ ಕಟ್ಟಲಿಕ್ಕೆ ಹೋಯಿತು" ಎಂದು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ತಂದೆ ತೀರಿಹೋದಾಗ ಊರಿಗೆ ಬಂದವರು ಈ ಕಾಲೇಜಿನಲ್ಲಿಯೇ ನಿಂತುಬಿಟ್ಟರು.

ಆಟಿ ತಿಂಗಳಿನ, ಅಂದರೆ ಆಷಾಢದ, ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಅವರು ಇದ್ದಕ್ಕಿದ್ದ ಹಾಗೆ ಕೇಳಿದರು: "ಆದಿತ್ಯವಾರ ಮೀಂಜದ ನಮ್ಮ ಮನೆಗೆ ಬರ್ತೀಯಾ? ನನ್ನ ಅಕ್ಕನ ಮದುವೆ."

ನಾನು ತಬ್ಬಿಬ್ಬಾದೆ. ಅವರಿಗೇ ಐವತ್ತು ದಾಟಿತ್ತು. ಅವರಿಗೊಬ್ಬ ತಮ್ಮನಿರುವುದು ಗೊತ್ತಿತ್ತು, ಅಕ್ಕನ ಮಾತು ಎಂದೂ ಬಂದಿರಲಿಲ್ಲ. ಅದೂ ಆಟಿಯಲ್ಲಿ ಯಾರು ಮದುವೆ ಮಾಡುತ್ತಾರೆ?

"ಬದುಕಿದವರ ಮದುವೆ ಅಲ್ಲ" ಎಂದರು ಟೀಚರ್.

ನಮ್ಮ ಕಡೆಯ ತುಳುವರಲ್ಲಿ ಈ ಪದ್ಧತಿ ಉಂಟು. ಎಳೆಯ ಪ್ರಾಯದಲ್ಲಿ ಸತ್ತ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವನ್ನು ಹುಡುಕಿ ಎರಡು ಮನೆಯವರೂ ಸೇರಿ ಮದುವೆ ಮಾಡಿಸುತ್ತಾರೆ. ಟೀಚರ ತಮ್ಮನ ಮಗಳಿಗೆ ಕೂಡಿಬಂದ ಸಂಬಂಧಗಳೆಲ್ಲ ಕೊನೆಯ ಗಳಿಗೆಯಲ್ಲಿ ಮುರಿಯುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, "ಈ ಮನೆಯಲ್ಲಿ ನೀವು ಲೆಕ್ಕ ಹಿಡಿಯದ ಹೆಣ್ಣೊಂದು ಉಂಟು" ಎಂದರಂತೆ. ಎಲ್ಲರೂ ಇಲ್ಲವೆಂದರು. ಮೂಲೆಯಲ್ಲಿದ್ದ ಟೀಚರ ಅಮ್ಮ ಮಾತ್ರ ಟೀಚರ ಕಡೆ ತೋರಿಸಿ, "ಹೌದು, ಉಂಟು. ಇವಳ ಒಟ್ಟಿಗೇ ಹುಟ್ಟಿದ್ದು. ಒಂದು ಹಗಲು ಇತ್ತು" ಎಂದರು. ಗಂಡನಿಗೂ ಹೆರಿಗೆ ಮಾಡಿಸಿದ ಮುದುಕಿಗೂ ಬಿಟ್ಟರೆ ಯಾರಿಗೂ ತಿಳಿಯದ ಸಂಗತಿ. ಅವರಿಬ್ಬರೂ ಈಗ ಇರಲಿಲ್ಲ.

ಮೀಂಜಕ್ಕೆ ಹೋಗುವ ಬಸ್ಸಿನಲ್ಲಿ ನಾನು ಅಳುಕುತ್ತ ಕೇಳಿದೆ: "ನಿಮಗೆ ಇದರಲ್ಲೆಲ್ಲ ನಂಬಿಕೆ ಉಂಟಾ ಟೀಚರ್?"

"ನಂಬಿಕೆಯದ್ದಲ್ಲ. ಅಮ್ಮ ಇಷ್ಟು ವರ್ಷ ಒಬ್ಬಳೇ ಅವಳನ್ನು ಸಾಕಿದ್ದಾಳೆ. ಇನ್ನು ನಾಲ್ಕು ಜನ ಹೊರಲಿ ಅಂತ."

ನಾನು ಜಾಣತನ ತೋರಿಸಲು ಹೋಗಿ, ಜೋಡಿ ಕ್ವಾರ್ಕುಗಳ ಹಾಗೆಯೇ ಅಲ್ಲವಾ ಎಂದೆ. ಅವರಿಗೆ ಸಿಟ್ಟು ಬಂತು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕ್ವಾರ್ಕಿಗೆ ಅಮ್ಮ ಇಲ್ಲ."

ಮನೆಯಲ್ಲಿ ನಿಜದ ಮದುವೆಯ ಗಡಿಬಿಡಿಯೇ ಇತ್ತು. ಮದುಮಗಳ ರವಕೆಯನ್ನು ಟೀಚರ ಅಳತೆಗೆ ಹೊಲಿಸಿದ್ದರು. ಅವಳಿಗಳಲ್ಲವೇ, ಮೈಕಟ್ಟು ಒಂದೇ ಇರುತ್ತದೆ ಎಂದು. ಬಳೆಗಳನ್ನೂ ಟೀಚರ ಕೈಗೆ ತೊಡಿಸಿ ನೋಡಿ, ತೆಗೆದು, ಸೀರೆಯ ಮೇಲಿಟ್ಟರು. ಬಳೆ ತೆಗೆದ ಮೇಲೆ ಟೀಚರ್ ತಮ್ಮ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಗಂಡಿನ ಕಡೆಯವರು ಜೀಪಿನಲ್ಲಿ ಬಂದರು. ತೊಟ್ಟಿಲಲ್ಲೇ ತೀರಿಹೋದ ಮಗುವಿನ ತಮ್ಮ, ತಲೆ ಪೂರ್ತಿ ನರೆತವರು, ಮದುಮಗನಿಗೆಂದು ಒಳಗಿಟ್ಟಿದ್ದ ಪಂಚೆಯನ್ನು ಬಿಡಿಸಿ ನೋಡಿ ತಲೆಯಾಡಿಸಿದರು. "ಇದು ಗಿಡ್ಡ ಆಗ್ತದೆ. ನಮ್ಮ ಅಣ್ಣ ಎತ್ತರ." ಯಾರೂ ನಗಲಿಲ್ಲ. ಬೇರೆ ಪಂಚೆ ತರಿಸಿದರು.

ನಡುಮಧ್ಯಾಹ್ನ. ಚಾವಡಿಯ ಪಕ್ಕದ ಕೋಣೆಯಲ್ಲಿ ಎರಡು ಮಣೆ, ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. ಎದುರಿಗೆ ಬಾಳೆಲೆಯಲ್ಲಿ ಹಬೆಯಾಡುವ ಊಟ. ಕುಟುಂಬದ ಹಿರಿಯರೊಬ್ಬರು ಹೊಸ್ತಿಲ ಹೊರಗೆ ನಿಂತು, "ಹುಡುಗಿಯ ಹೆಸರೆಂತ?" ಎಂದರು. ಅಲ್ಲಿ ಆದ ಮಾತೆಲ್ಲ ತುಳುವಿನಲ್ಲಿ. ಹೆಸರಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಅಮ್ಮ ಮೆಲ್ಲಗೆ ಒಂದು ಹೆಸರು ಹೇಳಿದರು. ಟೀಚರ ಹೆಸರು.

"ಅದು ಇವಳದ್ದಲ್ವಾ?" ಹಿರಿಯರು ಕೇಳಿದರು.

"ಮೊದಲು ಬಂದವಳಿಗೆ ಅಂತ ಇಟ್ಟುಕೊಂಡಿದ್ದೆ. ಅವಳು ನಿಲ್ಲಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬೇರೆ ಹೆಸರು ಬಾಯಿಗೆ ಬರಲಿಲ್ಲ. ಅದನ್ನೇ ಇವಳ ಕಿವಿಯಲ್ಲಿ ಹೇಳಿಬಿಟ್ಟೆ."

ಟೀಚರ್ ಅಮ್ಮನನ್ನು ನೋಡಿದರು. ಹಿರಿಯರು ಸ್ವಲ್ಪ ತಡೆದು, ಖಾಲಿ ಕೋಣೆಯ ಕಡೆ ತಿರುಗಿ, ಆ ಹೆಸರು ಹಿಡಿದು ಕರೆದರು. "ಬಾ ಮಗಾ, ಊಟಕ್ಕೆ ಕೂತ್ಕೋ."

"ಓ" ಎಂದು ಕೇಳಿತು.

ದನಿ ಟೀಚರದ್ದೇ, ತರಗತಿಯಲ್ಲಿ ದಿನವೂ ಕೇಳಿದ ದನಿ. ಎಲ್ಲರೂ ಅವರ ಕಡೆ ತಿರುಗಿದರು. ಯಾರೋ ಹೆಂಗಸು, "ಅಯ್ಯೋ, ನೀನ್ಯಾಕೆ ಓಗೊಟ್ಟೆ!" ಎಂದು ಚೀರಿದಳು. ನಾನು ಅವರಿಗೆ ತಾಗಿಕೊಂಡೇ ನಿಂತಿದ್ದೆ, ಅವರ ಮುಖವನ್ನೇ ನೋಡುತ್ತಿದ್ದೆ. ಅವರ ತುಟಿ ಅಲ್ಲಾಡಿದ್ದನ್ನು ನಾನು ಕಾಣಲಿಲ್ಲ. ಟೀಚರ ತಮ್ಮ ಅವಸರದಲ್ಲಿ ಕೋಣೆಯ ಬಾಗಿಲೆಳೆದರು. ಒಳಗಿನವರು ಉಂಡು ಏಳುವ ತನಕ ನಾವೆಲ್ಲ ಹೊರಗೆ ಕಾದೆವು. ಅಂಗಳದ ಬಿಸಿಲಿನಲ್ಲಿ ಒಂದು ಕಾಗೆಯ ಸದ್ದೂ ಇರಲಿಲ್ಲ.

ಮರಳುವ ದಾರಿಯಲ್ಲಿ ಟೀಚರ್, "ನಾನು ಓಗೊಡಲಿಲ್ಲ" ಎಂದರು. ಅವರೇ ಮುಂದುವರಿಸಿದರು: "ಅಭ್ಯಾಸದಿಂದ ಬಾಯಿ ತಾನಾಗಿ ಹೇಳಿರಲಿಕ್ಕೂ ಸಾಕು. ಒಮ್ಮೆ ಕೇಳಿದ್ದು ಅಳತೆ ಆಗುವುದಿಲ್ಲ. ಇನ್ನೊಮ್ಮೆ ಮಾಡಿ ನೋಡುವ ಪ್ರಯೋಗವೂ ಇದಲ್ಲ."

ಅದಾದ ಮೇಲೆ ಅವರು ಆ ಹೆಸರಿಗೆ ತಿರುಗಿ ನೋಡಲಿಲ್ಲ. ಸಹಿಗೆ ಬಿಟ್ಟರೆ ಅದನ್ನು ಬಳಸಲೂ ಇಲ್ಲ. ಜೊತೆಯ ಅಧ್ಯಾಪಕರು ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆದಂತೆ ಒಂದು ಗಳಿಗೆ ಕಾದು, ಆಮೇಲೆ "ಟೀಚರ್ ಅಂತ ಕರೀರಿ, ಸಾಕು" ಎನ್ನುತ್ತಿದ್ದರು. ಕೆಲವರು ಬುದ್ಧಿ ಕೆಟ್ಟಿದೆ ಎಂದರು. ಪಾಠದಲ್ಲಿ ಮಾತ್ರ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ನಾನು ಪಿಎಚ್.ಡಿ.ಗೆ ಸ್ಟ್ರೇಂಜ್ ಕ್ವಾರ್ಕನ್ನೇ ಆರಿಸಿಕೊಂಡದ್ದು ಅವರಿಂದ. ಅವರು ಇನ್ನೂ ಪಾಠ ಮಾಡುತ್ತಿದ್ದಾಗಲೇ ತಮ್ಮನ ಮಗಳ ಮದುವೆಯೂ ಆಯಿತು. ಆ ದಿನ ಟೀಚರ್ ಯಾಕೋ ಊಟಕ್ಕೆ ಎಲ್ಲರಿಗಿಂತ ಕೊನೆಯಲ್ಲಿ ಕೂತರು, ಪಕ್ಕದ ಎಲೆಗೆ ಯಾರೂ ಕೂರದಂತೆ ನೋಡಿಕೊಂಡರು.

ಕೊನೆಯ ಕಾಯಿಲೆಯಲ್ಲಿ ಮಂಗಳೂರಿನ ಆಸ್ಪತ್ರೆಗೆ ನೋಡಲು ಹೋಗಿದ್ದೆ. ನಾನಿದ್ದಾಗಲೇ ನರ್ಸ್ ಬಂದು ಹೆಸರು ಕರೆದಳು. ಟೀಚರ್ ನನ್ನ ಕೈ ಹಿಡಿದು, "ಸ್ವಲ್ಪ ತಡಿ, ಅವಳು ಉತ್ತರ ಕೊಡ್ತಾಳಾ ನೋಡುವ" ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ವಾರ್ಡಿನ ಫ್ಯಾನಿನ ಸದ್ದೊಂದೇ ಇತ್ತು. ಬಳಿಕ ಅವರು ಕೇಳಿದರು: "ನಿಮ್ಮ ಕಂಪ್ಯೂಟರಿನ ಲೆಕ್ಕ ಎಂತ ಹೇಳ್ತದೆ ಈಗ?"

ಪ್ರೋಟಾನಿನ ಕಾಂತಗುಣದಲ್ಲಿ ಸ್ಟ್ರೇಂಜ್ ಕ್ವಾರ್ಕಿನ ಪಾಲು ತುಂಬಾ ಸಣ್ಣದು, ಆದರೆ ಸೊನ್ನೆಯಲ್ಲ ಎಂದು ಬರುತ್ತಿದೆ ಎಂದೆ. ಪ್ರಯೋಗದವರಿಗೆ ಅಷ್ಟು ಸಣ್ಣದನ್ನು ಹಿಡಿಯಲು ಇನ್ನೂ ಆಗಿಲ್ಲ ಎಂದೂ ಹೇಳಿದೆ.

"ಉಂಟಲ್ಲ" ಎಂದರು. "ಉಂಟು ಅಂತಾದರೆ ಸಾಕು."

ಅವರು ಹೋದ ಸುದ್ದಿ ತಿಳಿದು ಮೀಂಜಕ್ಕೆ ತಲಪಿದಾಗ ಅಂಗಳದಲ್ಲಿ ಮಲಗಿಸಿದ್ದರು. ಬಾಯಿಗೆ ನೀರು ಬಿಡುವ ಹೊತ್ತು. ಅಂದು ಹೊಸ್ತಿಲಲ್ಲಿ ನಿಂತು ಕರೆದಿದ್ದ ಹಿರಿಯರೇ ಇಂದೂ ಹೆಸರು ಹೇಳಿ ಶುರು ಮಾಡಬೇಕಿತ್ತು. ಬಾಯಿ ತೆರೆದವರು ಹಾಗೆಯೇ ನಿಂತರು. ಮನೆಯ ಒಳಗಿನಿಂದ ಎಲ್ಲಿಯಾದರೂ ಓಗೊಟ್ಟರೆ ಎಂಬ ಹೆದರಿಕೆ ಅವರಿಗೊಬ್ಬರಿಗೇ ಅಲ್ಲ, ಅಲ್ಲಿದ್ದ ನಮಗೆಲ್ಲ ಇತ್ತು.

ಮುದಿ ಅಮ್ಮನನ್ನು ಇಬ್ಬರು ಹಿಡಿದು ಕರೆತಂದರು. ಅವರು ಮಗಳ ತಲೆಯ ಹತ್ತಿರ ಕೂತು ಹೇಳಿದರು: "ಆ ಹೆಸರು ಮದುವೆಯಾಗಿ ಹೋಗಿ ಆಯಿತು. ಇವಳನ್ನು ಮಗಳೇ ಅಂತ ಕರೀರಿ."

ಹಾಗೆಯೇ ಕರೆದರು. ಸರದಿ ಮುಗಿದ ಮೇಲೆ ಅಮ್ಮ ಗಿಂಡಿಯನ್ನು ನನ್ನ ಕಡೆ ನೀಡಿದರು. ನಾನು ಆ ಮನೆಯವಳಲ್ಲ ಎಂದು ಹಿಂಜರಿದೆ.

"ನೀರು ಬಿಡು" ಎಂದರು ಅಮ್ಮ. "ಲೆಕ್ಕಕ್ಕೆ ಇಲ್ಲದವರದ್ದೂ ಬೇಕು."