ಅಪ್ಪನ ಸ್ವರದಲ್ಲಿ ವಿಚಾರಿಸಿದ ಕಾಲೇಜುಗಳು

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಉಳಿದವರೆಲ್ಲ ವಿಮಾನದ ವಿಷಯದಲ್ಲಿ ಪಂಡಿತರಾಗಿಬಿಟ್ಟರು. ನನಗೆ ಪೈಲಟ್ ಆಗಬೇಕಿತ್ತು. ಅದಕ್ಕೆ ಯಾವ ಕಾಲೇಜು, ಯಾವ ಡಿಗ್ರಿ ಎಂಬುದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡವನು ನಾನೊಬ್ಬನೇ.

ಈ ಆಸೆ ಹುಟ್ಟಿದ ಕತೆ ಅಂಥ ಘನವಾದದ್ದೇನಲ್ಲ. ನಾನು ಮಿಮಿಕ್ರಿ ಮಾಡುತ್ತೇನೆ. ಕಾಪುವಿನ ಸುತ್ತಮುತ್ತ ಯಾರ ಮನೆಯಲ್ಲಿ ಮೆಹಂದಿ ಕಾರ್ಯಕ್ರಮ ಇದ್ದರೂ ಊಟಕ್ಕೆ ಮೊದಲು ನನ್ನ ಕೈಗೆ ಮೈಕ್ ಬರುತ್ತದೆ. ಮದುಮಗನ ಮಾವ, ಕಾಲೇಜಿನ ಪ್ರಿನ್ಸಿಪಾಲ್, ಉಡುಪಿ ಬಸ್ಸಿನ ಕಂಡಕ್ಟರ್ ಎಲ್ಲ ಮುಗಿದ ಮೇಲೆ ಕೊನೆಗೆ ವಿಮಾನದ ಕ್ಯಾಪ್ಟನ್. ಮೂಗು ಸ್ವಲ್ಪ ಹಿಡಿದು, ನಿದ್ದೆಯಿಂದ ಎದ್ದವನ ಹಾಗೆ ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿದರೆ ಗಲ್ಫಿಗೆ ಹೋಗಿ ಬಂದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ‘ನೀನು ಪೈಲಟೇ ಆಗು ಮಾರಾಯ’ ಎಂದು ನಾಲ್ಕು ಜನ ಹೇಳಿದರು. ನಾನು ನಂಬಿದೆ. ಕಂಡಕ್ಟರನನ್ನೂ ಅಷ್ಟೇ ಚೆನ್ನಾಗಿ ಮಾಡುತ್ತೇನೆ, ಆದರೆ ಅವನಾಗು ಎಂದು ಯಾರೂ ಹೇಳಲಿಲ್ಲ. ನಾನು ವಿಮಾನ ಹತ್ತಿದವನೇ ಅಲ್ಲ, ಇಂದಿಗೂ ಹತ್ತಿಲ್ಲ. ಆಮೇಲೆ ವಿಡಿಯೊ ನೋಡುತ್ತಾ ನೋಡುತ್ತಾ ಕ್ಯಾಪ್ಟನ್ನಿನ ಸ್ವರಕ್ಕಿಂತ ಅವನ ಕೈ ಏನು ಮಾಡುತ್ತದೆ ಎಂಬುದರ ಮೇಲೆ ನನ್ನ ಕಣ್ಣು ಹೋಗತೊಡಗಿತು. ತಮಾಷೆ ಅಲ್ಲಿಗೆ ಮುಗಿಯಿತು.

ಅಪ್ಪ ಬೆಳಿಗ್ಗೆ ಮಲ್ಪೆ ಬಂದರಿನ ಏಲಂನಲ್ಲಿ ಮೀನು ಕೊಂಡು, ಟೆಂಪೊದಲ್ಲಿ ಕಾರ್ಕಳದ ಮಾರ್ಕೆಟಿಗೆ ಒಯ್ಯುತ್ತಾರೆ. ವರ್ಷಗಟ್ಟಲೆ ಏಲಂ ಕೂಗಿ ಅವರ ಸ್ವರ ಉಪ್ಪು ಕಾಗದದಿಂದ ತಿಕ್ಕಿದ ಹಾಗಾಗಿದೆ. ನಾನು ಪೈಲಟ್ ವಿಷಯ ತೆಗೆದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: “ನೋಡುವ.” ನಮ್ಮ ಕಡೆ ‘ನೋಡುವ’ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ, ಮಾತು ಸಾಕು ಎಂದು ಅರ್ಥ. ಅಷ್ಟರಲ್ಲಿ ಅವರು ಇನ್ನೊಂದು ಟೆಂಪೊ ತೆಗೆಯುವ ಯೋಚನೆಯಲ್ಲಿದ್ದರು. ಅದನ್ನು ಓಡಿಸುವವನು ಯಾರು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮನೆಯಲ್ಲಿ ಗಂಡು ಹುಡುಗ ನಾನೊಬ್ಬನೇ.

ಅಮ್ಮನ ಅಣ್ಣ, ನನ್ನ ಮಾವ, ಬ್ಯಾಂಕಿನಿಂದ ನಿವೃತ್ತರಾದವರು. ನಮ್ಮಲ್ಲಿ ತಂಗಿಯ ಮಕ್ಕಳ ಮದುವೆಯಿರಲಿ, ಓದಿರಲಿ, ಮಾವನ ಬಾಯಿಂದ ಬರದೆ ನಿಶ್ಚಯ ಆಗುವುದಿಲ್ಲ. ಅವರ ತೀರ್ಪು ಮೊದಲೇ ಸಿದ್ಧವಿತ್ತು: ಮಣಿಪಾಲದಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್.

“ವಿಮಾನ ಕಟ್ಲಿಕ್ಕೆ ಗೊತ್ತಿದ್ದವನಿಗೆ ಹಾರಿಸ್ಲಿಕ್ಕೆ ಎಂತ ಕಷ್ಟ?” ಎಂದರು.

“ಬೋಟ್ ಕಟ್ಟುವ ಆಚಾರಿ ಮೀನು ಹಿಡಿಲಿಕ್ಕೆ ಹೋಗ್ತಾರಾ ಮಾವ?”

“ಇವನ ಬಾಯಿಗೆ ಒಂದು ಡಿಗ್ರಿ ಕೊಡ್ಬೇಕು,” ಎಂದು ಮಾವ ಅಮ್ಮನ ಕಡೆ ತಿರುಗಿದರು.

ಅಮ್ಮನ ಮನಸ್ಸು ಕಾರ್ಕಳದ ಕಡೆಯ ಒಂದು ಕಾಲೇಜಿನ ಮೇಲಿತ್ತು. ರಸ್ತೆ ಬದಿಯ ಅದರ ಹೋರ್ಡಿಂಗಿನಲ್ಲಿ ಬಿಳಿ ಅಂಗಿ ತೊಟ್ಟು, ಭುಜಕ್ಕೆ ಚಿನ್ನದ ಪಟ್ಟಿ ಹಾಕಿಕೊಂಡ ಹುಡುಗನೊಬ್ಬ ಆಕಾಶ ನೋಡುತ್ತಿದ್ದ. ಕೆಳಗೆ ಬಿಬಿಎ ಏವಿಯೇಷನ್ ಎಂದಿತ್ತು. “ಅಪ್ಪನ ಟೆಂಪೊದಲ್ಲೇ ಹೋಗಿ ಬರ್ಬಹುದಲ್ಲ,” ಎನ್ನುವುದು ಅಮ್ಮನ ವಾದ. ಬಂಗುಡೆ ಮೀನಿನ ಪೆಟ್ಟಿಗೆಗಳ ನಡುವೆ ಬಿಳಿ ಅಂಗಿ ಹಾಕಿ ಕೂತ ನನ್ನನ್ನು ನಾನೇ ಕಲ್ಪಿಸಿಕೊಂಡೆ.

ಭಾನುವಾರ ಊಟಕ್ಕೆ ಬಂದಾಗ ನಿಶ್ಚಯ ಮಾಡುವುದು, ಸೋಮವಾರ ಸೀಟು ಹಿಡಿಯುವುದು ಎಂದು ಮಾವ ಹೇಳಿಹೋದರು. ನಮ್ಮಂಥ ಮನೆಯಿಂದ ಒಂದು ದಾರಿಗೆ ಮಾತ್ರ ಕಳುಹಿಸಲು ಸಾಧ್ಯ. ಮಣಿಪಾಲದ ನಾಲ್ಕು ವರ್ಷ ಮುಗಿದ ಮೇಲೆ ಹಾರುವ ತರಬೇತಿಗೆ ದುಡ್ಡೇನೂ ಉಳಿಯುತ್ತಿರಲಿಲ್ಲ. ಭಾನುವಾರದ ಊಟದಲ್ಲಿ ಸುಮ್ಮನೆ ಕೂತರೆ ನಾನು ಪೈಲಟ್ ಆಗುವುದು ಮೆಹಂದಿ ಮನೆಗಳಲ್ಲಿ ಮಾತ್ರ.

ಹಾಗಾಗಿ ಕಾಲೇಜುಗಳಿಗೆ ಫೋನ್ ಮಾಡಿದೆ. ನನ್ನದೇ ಸ್ವರದಲ್ಲಿ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: ಪೇರೆಂಟ್ಸನ್ನು ಕರೆದುಕೊಂಡು ಬನ್ನಿ. ಪೇರೆಂಟ್ಸ್ ಕಾರ್ಕಳದಲ್ಲಿ ಬೂತಾಯಿ ಮೀನು ಮಾರುತ್ತಿದ್ದರು. ನಾನು ಹಿತ್ತಲಿಗೆ ಹೋಗಿ, ಗಂಟಲು ಸ್ವಲ್ಪ ಒರಟು ಮಾಡಿ ಪೇರೆಂಟ್ ಆದೆ.

ಮೊದಲ ಫೋನ್ ಮಣಿಪಾಲಕ್ಕೆ. ಏರೋನಾಟಿಕಲ್ ವಿಭಾಗದ ಮೇಷ್ಟ್ರೇ ಸಿಕ್ಕಿದರು. “ನಮ್ಮ ಹುಡುಗನಿಗೆ ವಿಮಾನದ್ದು ಕಲಿಬೇಕಂತೆ ಸಾರ್,” ಎಂದೆ.

“ವಿಮಾನ ಅಂದ್ರೆ ಇಷ್ಟವಾ, ಅದನ್ನು ಹಾರಿಸುವುದು ಇಷ್ಟವಾ? ಎರಡೂ ಬೇರೆ ಬೇರೆ.”

“ಹಾರಿಸುವುದು.”

“ಹಾಗಾದ್ರೆ ನಮ್ಮಲ್ಲಿಗೆ ಯಾಕೆ ಕಳಿಸ್ತೀರಿ? ಪೈಲಟ್ ಲೈಸೆನ್ಸಿಗೆ ಡಿಗ್ರಿ ಬೇಕೂಂತ ಇಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿದ್ದಾನಲ್ಲ, ಸಾಕು. ಮೊದಲು ಮೆಡಿಕಲ್ ಟೆಸ್ಟ್ ಮಾಡಿಸಿ. ಕಣ್ಣು, ಕಿವಿ ಎಲ್ಲ ಸರಿ ಉಂಟಾ ನೋಡಿ. ಅದಾದ ಮೇಲೆ ಫ್ಲೈಯಿಂಗ್ ಸ್ಕೂಲು. ಡಿಗ್ರಿ ಏನಿದ್ರೂ ಕೈಗೊಂದು ಆಧಾರಕ್ಕೆ.”

ಇಷ್ಟು ಸರಳವಾಗಿ ಒಬ್ಬರೂ ನನಗೆ ಹೇಳಿರಲಿಲ್ಲ. ಅಪ್ಪನ ಸ್ವರದಲ್ಲೇ ಉಪಕಾರ ಆಯ್ತು ಎಂದೆ.

ಎರಡನೆಯದು ಹೋರ್ಡಿಂಗಿನ ಕಾಲೇಜಿಗೆ. ಜೇನಿನಂಥ ಸ್ವರದ ಒಬ್ಬ ಮೇಡಂ. ನಿಮ್ಮಲ್ಲಿ ಓದಿದವರು ವಿಮಾನ ಹಾರಿಸುತ್ತಾರಾ ಎಂದು ಕೇಳಿದೆ. “ಏರ್‌ಪೋರ್ಟಲ್ಲಿ ತುಂಬ ಅವಕಾಶ ಉಂಟು ಸರ್,” ಎಂದರು. ಏರ್‌ಪೋರ್ಟಲ್ಲಿ ಸರಿ, ವಿಮಾನದಲ್ಲಿ ಎಂದೆ. ಮ್ಯಾನೇಜ್‌ಮೆಂಟ್ ಕೋರ್ಸ್ ಸರ್ ಎಂದರು. ಹಾಗಾದರೆ ಹೋರ್ಡಿಂಗಿನ ಹುಡುಗನ ಭುಜದ ಪಟ್ಟಿ ಎಂತದ್ದು ಎಂದೆ. ಅದು ಫೋಟೊ ಸರ್ ಎಂದರು. ಅಲ್ಲಿಗೆ ಫೋನ್ ಇಡಬಹುದಿತ್ತು. ಆದರೆ ಅವರು ಕೇಳಿಬಿಟ್ಟರು: “ಮಗನ ಬಗ್ಗೆ ನಿಮ್ಮ ಆಸೆ ಎಂತ ಸರ್?”

ಮಿಮಿಕ್ರಿ ಮಾಡುವವರಿಗೆ ಒಂದು ಕಾಯಿಲೆ ಉಂಟು. ಸ್ವರ ಚೆನ್ನಾಗಿ ಕೂತರೆ ಮಾತು ತಾನಾಗಿ ಬರುತ್ತದೆ. “ನಾನು ಟೆಂಪೊದಲ್ಲೇ ಆಯುಷ್ಯ ಕಳೆದೆ ಮೇಡಂ. ಅವನು ಟೆಂಪೊ ಹತ್ತುವುದು ಬೇಡ. ವಿಮಾನ ಹತ್ತಲಿ,” ಎಂದೆ. ಮೇಡಂ ಮೆಲ್ಲಗೆ, ವಾಟ್ಸಾಪ್ ನಂಬರ್ ಕೊಡಿ ಸರ್ ಎಂದರು. ನಾನು ಎಷ್ಟು ಅಪ್ಪನಾಗಿದ್ದೆನೆಂದರೆ, ಅಪ್ಪನ ನಂಬರನ್ನೇ ಕೊಟ್ಟೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಇನ್ನು ಅವರ ಫೋನ್ ಹೋಗುವುದು ಅಪ್ಪನಿಗೆ.

ಅಪ್ಪ ಅಂದೂ ಏನೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಬಂದರು, ಮಿಂದರು, ಉಂಡರು, ಮಲಗಿದರು. ಫೋನ್ ಬಂದಿಲ್ಲ ಎಂದು ನಾನು ನಂಬತೊಡಗಿದೆ. ಕಾಲೇಜಿನವರು ಫೋನ್ ಮಾಡದೆ ಬಿಡುತ್ತಾರೆ ಎಂದು ನಂಬಬೇಕಾದರೆ ಎಷ್ಟು ಹೆದರಿರಬೇಕು ನೋಡಿ.

ಭಾನುವಾರ ಅಂಜಲ್ ಮೀನಿನ ಫ್ರೈ ಇತ್ತು. ಮಾವ ಎರಡನೇ ತುಂಡಿಗೆ ಕೈ ಹಾಕುತ್ತಾ ಶುರು ಮಾಡಿದರು. “ಹಾಗಾದ್ರೆ ಭಾವ, ಮಣಿಪಾಲ ಅಲ್ವಾ?”

“ಮಣಿಪಾಲ ಬೇಡ,” ಎಂದರು ಅಪ್ಪ. “ನಾನು ಕಾಲೇಜಿನವರ ಹತ್ರ ಮಾತಾಡಿದ್ದೇನೆ.”

ಅಮ್ಮನ ಕೈಯ ಸೌಟು ಹಾಗೇ ನಿಂತಿತು. “ನೀವಾ? ಯಾವಾಗ?”

“ಮೊನ್ನೆ. ಕಾರ್ಕಳದವರು ತಿರುಗಿ ಫೋನ್ ಸಹ ಮಾಡಿದ್ರು. ಮಾರ್ಕೆಟಲ್ಲಿ ಗಿರಾಕಿ ಇದ್ರು, ಆದ್ರೂ ಮಾತಾಡಿದೆ.” ಅಪ್ಪ ಅನ್ನ ಕಲಸುತ್ತಲೇ ಇದ್ದರು. ನನ್ನ ಕಡೆ ನೋಡಲಿಲ್ಲ. “ಅದು ಆಫೀಸಿನ ಕೋರ್ಸಂತೆ. ಇವನು ಟೆಂಪೊ ಹತ್ತುವುದು ಬೇಡ, ವಿಮಾನ ಹತ್ತಲಿ ಅಂತ ಹೇಳಿದ್ದೇನೆ.”

ಅದು ನನ್ನ ವಾಕ್ಯ. ಆದರೆ ಅವರು ಹೇಳಿದಾಗ ನಾನು ಮಾಡಿದಷ್ಟು ಒರಟಾಗಿ ಕೇಳಲಿಲ್ಲ. ಅಷ್ಟು ವರ್ಷ ಅವರ ಸ್ವರವನ್ನು ನಾನು ಸ್ವಲ್ಪ ಹೆಚ್ಚೇ ಮಾಡುತ್ತಿದ್ದೆ ಎಂದು ಅಂದು ಗೊತ್ತಾಯಿತು.

“ಮತ್ತೆ ಆ ಟೆಂಪೊ?” ಮಾವ ಕೇಳಿದರು.

“ಒಂದು ಸಾಕು.”

ಮಾವ ಸುಮ್ಮನೆ ಸೋಲುವವರಲ್ಲ. “ಡಿಗ್ರಿ ಇಲ್ಲದೆ ಹುಡುಗನನ್ನು ಮೇಲೆ ಬಿಡ್ತೀರಾ?” ಎಂದರು. ಅಲ್ಲಿ ಅಪ್ಪನ ಸರಕು ಮುಗಿದಿತ್ತು. ಮಣಿಪಾಲದ ಮೇಷ್ಟ್ರು ಹೇಳಿದ್ದು ಅವರಿಗೆ ಹೇಗೆ ಗೊತ್ತಿರಬೇಕು? ಅವರು ಮೊದಲ ಬಾರಿಗೆ ನನ್ನನ್ನು ನೋಡಿ, “ಹೇಳು, ನಾನು ಹೇಳಿದ್ದೆನಲ್ಲ ನಿನಗೆ,” ಎಂದರು. ನಾನು ಹೇಳಿದೆ. ಮೊದಲು ಮೆಡಿಕಲ್. ಲೈಸೆನ್ಸಿಗೆ ಡಿಗ್ರಿ ಬೇಕೂಂತ ಇಲ್ಲ, ಆದರೂ ಕೈಗೊಂದು ಆಧಾರಕ್ಕೆ ಉಡುಪಿಯಲ್ಲಿ ಬಿಎಸ್ಸಿ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಮೆಡಿಕಲ್ ಕೈಕೊಟ್ಟರೆ ಡಿಗ್ರಿ ಮುಗಿಸುವುದು, ಫ್ಲೈಯಿಂಗ್ ಸ್ಕೂಲಿನಿಂದ ಕರೆ ಬಂದರೆ ಬಿಟ್ಟು ಹೋಗುವುದು. ಮಾವ ಮೀನಿನ ಮುಳ್ಳು ಬದಿಗಿಟ್ಟು, “ನಾನೂ ಅದನ್ನೇ ಹೇಳುವವನಿದ್ದೆ,” ಎಂದರು. ನಿಶ್ಚಯವಾಯಿತು.

ಊಟವಾದ ಮೇಲೆ ಅಪ್ಪ ಅಂಗಳದಲ್ಲಿ ಟೆಂಪೊ ತೊಳೆಯುತ್ತಿದ್ದಾಗ ಹತ್ತಿರ ಹೋದೆ.

“ಎಂತ?” ಎಂದರು.

“ಏನಿಲ್ಲ.”

“ಇನ್ನು ನೀನು ನಾನಾಗಿ ಫೋನ್ ಮಾಡುವಾಗ ಮೊದಲು ನನಗೊಂದು ಮಾತು ಹೇಳು. ಆ ಮೇಡಂ ನಿನ್ನ ಮಾತನ್ನೇ ನನ್ನದು ಅಂತ ಒಪ್ಪಿಸಿದ್ರು, ಉಳಿದದ್ದಕ್ಕೆ ನಾನು ಬಾಯಿಗೆ ಬಂದದ್ದು ಹೇಳಿದೆ.” ಪೈಪ್ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮೆಡಿಕಲ್ಲಿಗೆ ಆ ಪರೀಕ್ಷೆ ಮಾಡಲು ಅನುಮತಿ ಇರುವ ಡಾಕ್ಟರ ಬಳಿ ಹೋದೆವು. ಬಣ್ಣದ ಚುಕ್ಕಿಗಳ ಒಳಗೆ ಅಡಗಿದ ಅಂಕಿ ಓದಲು ಹೇಳಿದರು. ಹೆದರಿಕೆಗೆ ನನ್ನಿಂದ ಕ್ಯಾಪ್ಟನ್ನಿನ ಸ್ವರವೇ ಹೊರಟಿತು. “ಸಾದಾ ಓದಿ,” ಎಂದರು ಡಾಕ್ಟರ್. ಸಾದಾ ಓದಿದೆ. ಮೊದಲ ಹಂತದ್ದು ಪಾಸಾಯಿತು. ಇನ್ನೂ ಕಠಿಣವಾದ ಎರಡನೆಯದು ಬಾಕಿ ಉಂಟು.

ಸೇರಿಸಲು ಉಡುಪಿಯ ಕಾಲೇಜಿಗೆ ಅಪ್ಪನೂ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿ. ಸಂದರ್ಶನಕ್ಕೆ ಕೂತ ಮೇಷ್ಟ್ರು ನನ್ನ ಅಂಕಪಟ್ಟಿ ನೋಡಿ, ಮುಂದೇನು ಎಂದರು. ಪೈಲಟ್ ತರಬೇತಿ ಎಂದೆ.

“ಹಾಗಾದ್ರೆ ನಡುವೆ ಬಿಟ್ಟು ಹೋಗ್ತೀಯಾ?”

ಏನು ಹೇಳಿದರೆ ಸೀಟು ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಪ್ಪ ಹಾಕಲಿಲ್ಲ.

“ಬಿಟ್ಟು ಹೋಗ್ಲಿಕ್ಕೇ ಸೇರಿಸುವುದು ಸಾರ್.”

ಮೇಷ್ಟ್ರು ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. “ನನ್ನ ಸರ್ವಿಸಲ್ಲಿ ಹೀಗೆ ಹೇಳಿದ ತಂದೆ ನೀವೊಬ್ರೇ.”

“ಸುಳ್ಳು ಹೇಳಿ ಸೇರಿಸುವುದು ಬೇಡ ಅಂತ. ಇರುವಷ್ಟು ದಿನ ಸರಿಯಾಗಿ ಓದ್ತಾನೆ.”

ಮೇಷ್ಟ್ರು ನಕ್ಕು ಸಹಿ ಹಾಕಿದರು. ಹೊರಗೆ ಬಂದಾಗ ಅಪ್ಪನಿಗೆ ಹಸಿವಾಗಿತ್ತು. ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಅವರು ಸಪ್ಲೈಯರನಿಗೆ, “ಇವನು ಇಲ್ಲೇ ಕಾಲೇಜು. ಆದ್ರೆ ಜಾಸ್ತಿ ದಿನ ಇರುವುದಿಲ್ಲ,” ಎಂದರು.